ಕಂಪನಿಗೆ ಕೆಲಸಗಾರ, ಕಾಲೇಜಿಗೆ ಚೆಕ್ಕು

2017ರ ಜುಲೈನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಗವರ್ನರ್ ರಾಯ್ ಕೂಪರ್ ಒಂದು ಘೋಷಣೆ ಮಾಡಿದರು. ಬೆಂಗಳೂರಿನ ಇನ್ಫೋಸಿಸ್ ಕಂಪನಿ ತಮ್ಮ ರಾಜಧಾನಿ ರಾಲಿಯ ಆಸುಪಾಸಿನಲ್ಲಿ 2,000 ಮಂದಿಗೆ ಕೆಲಸ ಕೊಡಲಿದೆ. ಹೇಳಿದಷ್ಟು ಜನರನ್ನು ಹೇಳಿದ ಸಂಬಳಕ್ಕೆ ತೆಗೆದುಕೊಂಡರೆ ರಾಜ್ಯ ಸರ್ಕಾರ ಕಾಲಕಾಲಕ್ಕೆ ಒಟ್ಟು 2.24 ಕೋಟಿ ಡಾಲರ್‌ವರೆಗೆ ಪ್ರೋತ್ಸಾಹಧನ ಕೊಡಲಿದೆ. ಎಚ್-1ಬಿ ವೀಸಾದ ಗದ್ದಲ ಜೋರಾಗಿದ್ದ ದಿನಗಳವು. ಅಮೆರಿಕನ್ನರನ್ನೇ ನೇಮಿಸಿಕೊಳ್ಳಿ ಎಂಬ ಒತ್ತಡಕ್ಕೆ ನಮ್ಮ ಐಟಿ ಕಂಪನಿ ಮಣಿಯಿತು ಎಂಬಷ್ಟಕ್ಕೇ ಚರ್ಚೆ ನಿಂತಿತು. ಆ ಒಪ್ಪಂದದೊಳಗೆ ಇನ್ನೊಂದು ಸಾಲಿತ್ತು. ಕಂಪನಿಗೆ ಬೇಕಾದ ತರಬೇತಿಯನ್ನು ರಾಜ್ಯದ ಕಮ್ಯುನಿಟಿ ಕಾಲೇಜುಗಳು ಸರ್ಕಾರದ ಖರ್ಚಿನಲ್ಲಿ ರೂಪಿಸಿಕೊಡುತ್ತವೆ ಎಂಬ ಸಾಲು.

ಇದೇ ಕಂಪನಿ ಮೈಸೂರಿನ ಹೆಬ್ಬಾಳದಲ್ಲಿ ಮಾಡಿದ್ದೇನು ಎಂಬುದು ನಮಗೆ ಗೊತ್ತು. ಎಂಜಿನಿಯರಿಂಗ್ ಪಾಸಾಗಿ ಬಂದ ಹುಡುಗ ಹುಡುಗಿಯರನ್ನು ತಿಂಗಳುಗಟ್ಟಲೆ ಕೂರಿಸಿ ಮತ್ತೆ ಪಾಠ ಹೇಳುವುದಕ್ಕೆ ಅದು ಅಲ್ಲೊಂದು ತರಬೇತಿ ನಗರವನ್ನೇ ಕಟ್ಟಿಕೊಂಡಿದೆ. ಹಾಸ್ಟೆಲ್, ತರಗತಿ, ಗ್ರಂಥಾಲಯ, ಈಜುಕೊಳ ಎಲ್ಲವೂ ಕಂಪನಿಯ ದುಡ್ಡಿನಲ್ಲಿ. ಕಾಲೇಜು ಕಲಿಸದೇ ಬಿಟ್ಟದ್ದನ್ನು ಇಲ್ಲಿ ಕಂಪನಿ ತನ್ನ ಖರ್ಚಿನಲ್ಲಿ ಕಲಿಸುತ್ತದೆ. ಅಲ್ಲಿ ಕಂಪನಿಗೆ ಬೇಕಾದದ್ದನ್ನು ಕಾಲೇಜು ಸರ್ಕಾರದ ಖರ್ಚಿನಲ್ಲಿ ಕಲಿಸುತ್ತದೆ. ಯಾವುದು ಸರಿ ಎಂದು ಒಮ್ಮೆಗೇ ತೀರ್ಪು ಕೊಡುವ ಮೊದಲು, ಬಂಡವಾಳಶಾಹಿಯ ತವರು ಎನಿಸಿಕೊಂಡ ದೇಶದಲ್ಲಿ ಖಾಸಗಿ ಕಾರ್ಖಾನೆಯ ಕೆಲಸಗಾರನಿಗೆ ವೆಲ್ಡಿಂಗ್ ಕಲಿಸಲು ತೆರಿಗೆ ಹಣ ಯಾಕೆ ಹೋಗುತ್ತದೆ, ಹೇಗೆ ಹೋಗುತ್ತದೆ ಎಂದು ನೋಡುವುದು ಒಳ್ಳೆಯದು.

ಮೊದಲು ಕಮ್ಯುನಿಟಿ ಕಾಲೇಜಿನ ಬಗ್ಗೆ ಎರಡು ಮಾತು. ನಮ್ಮಲ್ಲಿ ಇದಕ್ಕೆ ಸಮನಾದ ಒಂದು ಸಂಸ್ಥೆ ಇಲ್ಲ. ಒಂದು ಐಟಿಐ, ಒಂದು ಪಾಲಿಟೆಕ್ನಿಕ್, ಪದವಿಯ ಮೊದಲೆರಡು ವರ್ಷದ ತರಗತಿಗಳು, ಜೊತೆಗೊಂದು ಸಂಜೆ ಕಾಲೇಜು, ಇಷ್ಟನ್ನೂ ಒಂದೇ ಕಾಂಪೌಂಡಿನೊಳಗೆ ಹಾಕಿದರೆ ಹತ್ತಿರ ಬಂದೀತು. 1901ರಲ್ಲಿ ಷಿಕಾಗೊ ಬಳಿಯ ಜೋಲಿಯೆಟ್ ಎಂಬ ಊರಿನಲ್ಲಿ ಶುರುವಾದ ಈ ಬಗೆಯ ಕಾಲೇಜುಗಳು ಈಗ ದೇಶದಾದ್ಯಂತ ಸುಮಾರು ಒಂದು ಸಾವಿರ ಇವೆ. ಶುಲ್ಕ ಕಡಿಮೆ. ಪ್ರವೇಶಕ್ಕೆ ಪೈಪೋಟಿ ಇಲ್ಲ. ನರ್ಸ್, ವೆಲ್ಡರ್, ಅಗ್ನಿಶಾಮಕ ಸಿಬ್ಬಂದಿ, ಎಲೆಕ್ಟ್ರಿಷಿಯನ್ ತಯಾರಾಗುವುದು ಹೆಚ್ಚಾಗಿ ಇಲ್ಲೇ. ಹಗಲು ಕೆಲಸ ಮಾಡಿ ರಾತ್ರಿ ತರಗತಿಗೆ ಬರುವ, ಮನೆಯಲ್ಲಿ ಮಕ್ಕಳಿರುವ ವಿದ್ಯಾರ್ಥಿಗಳು ಇಲ್ಲಿ ಸಾಮಾನ್ಯ. ಟೆಕ್ಸಾಸ್, ಅಯೋವಾದಂಥ ರಾಜ್ಯಗಳಲ್ಲಿ ಆಯಾ ಪ್ರದೇಶದ ಆಸ್ತಿ ತೆರಿಗೆಯ ಒಂದು ಪಾಲು ನೇರವಾಗಿ ಕಾಲೇಜಿಗೆ ಹೋಗುತ್ತದೆ. ಹಾಗಾಗಿ ಊರಿನವರು ಅದನ್ನು 'ನಮ್ಮ ಕಾಲೇಜು' ಎಂದೇ ಕರೆಯುತ್ತಾರೆ.

ಇಂಥ ಕಾಲೇಜನ್ನು ಕಾರ್ಖಾನೆಯ ಜೊತೆ ಕೂಡಿಸುವ ಯೋಚನೆ ಮೊದಲು ಬಂದದ್ದು ಬಡ ದಕ್ಷಿಣದ ರಾಜ್ಯಗಳಿಗೆ. 1950ರ ದಶಕದ ನಾರ್ತ್ ಕೆರೊಲಿನಾ ಎಂದರೆ ಹೊಗೆಸೊಪ್ಪು, ಬಟ್ಟೆ ಗಿರಣಿ, ಪೀಠೋಪಕರಣ. ಮೂರರಲ್ಲೂ ಕೂಲಿ ಕಡಿಮೆ. ಬಟ್ಟೆ ಗಿರಣಿಯಲ್ಲೇ ಬದುಕು ಕಟ್ಟಿಕೊಂಡಿದ್ದ ಉದ್ಯಮಿ ಲೂಥರ್ ಹಾಜಸ್ ಗವರ್ನರ್ ಆಗಿದ್ದಾಗ, ಹೊಸ ಕಾರ್ಖಾನೆಗಳನ್ನು ಕರೆತರಬೇಕಾದರೆ ಅಗ್ಗದ ಕೂಲಿಯ ಆಸೆ ತೋರಿಸಿದರೆ ಸಾಲದು, ಕೆಲಸ ಬಲ್ಲ ಕೈಗಳೂ ಬೇಕು ಎಂಬುದನ್ನು ಕಂಡುಕೊಂಡರು. 1958ರಲ್ಲಿ ಆ ರಾಜ್ಯ ಒಂದು ಮಾತು ಕೊಟ್ಟಿತು. ಇಲ್ಲಿ ಕಾರ್ಖಾನೆ ತೆರೆಯಿರಿ, ನಿಮ್ಮ ಯಂತ್ರಕ್ಕೆ ಬೇಕಾದ ಕೆಲಸಗಾರರನ್ನು ನಾವು ತಯಾರು ಮಾಡಿ ಕೊಡುತ್ತೇವೆ, ನೀವು ದುಡ್ಡು ಕೊಡಬೇಕಿಲ್ಲ. ಅದಕ್ಕಾಗಿ ಹುಟ್ಟಿದ ಕೈಗಾರಿಕಾ ತರಬೇತಿ ಕೇಂದ್ರಗಳೇ 1963ರ ಕಾಯ್ದೆಯ ನಂತರ ಕಮ್ಯುನಿಟಿ ಕಾಲೇಜುಗಳಾದವು. ಈಗ ಅವು 58. ಪಕ್ಕದ ಸೌತ್ ಕೆರೊಲಿನಾ ಸುಮ್ಮನಿರಲಿಲ್ಲ. 1961ರಲ್ಲಿ ಗವರ್ನರ್ ಅರ್ನೆಸ್ಟ್ ಹಾಲಿಂಗ್ಸ್ ಅದೇ ದಾರಿ ಹಿಡಿದರು. ಮೂರು ದಶಕ ಕಳೆದು, 1992ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಅಮೆರಿಕದ ತನ್ನ ಕಾರು ಕಾರ್ಖಾನೆಗೆ ಸೌತ್ ಕೆರೊಲಿನಾದ ಸ್ಪಾರ್ಟನ್‌ಬರ್ಗನ್ನು ಆರಿಸಿಕೊಂಡಾಗ ಕೆಲಸಗಾರರ ತರಬೇತಿಯ ಹೊಣೆ ಹೊತ್ತದ್ದು ಇದೇ ವ್ಯವಸ್ಥೆ. ಈ ರಾಜ್ಯಗಳಲ್ಲಿ ಕಾರ್ಮಿಕ ಸಂಘಗಳು ದುರ್ಬಲವಾಗಿದ್ದವು ಎಂಬುದೂ ಕಂಪನಿಗಳಿಗೆ ಪ್ರಿಯವಾದ ಸಂಗತಿಯೇ. ತರಬೇತಿಯೊಂದೇ ಎಲ್ಲರನ್ನೂ ಎಳೆದು ತಂದಿತು ಎನ್ನುವುದು ಅಲ್ಲಿನ ರಾಜಕಾರಣಿಗಳ ಭಾಷಣಕ್ಕೆ ಸರಿ, ಚರಿತ್ರೆಗೆ ಸರಿಹೋಗದು.

ಹೊಸ ಕಾರ್ಖಾನೆಗೆ ಆಮಿಷವಾಗಿ ಶುರುವಾದ ಈ ಏರ್ಪಾಡು, ಇದ್ದ ಕಾರ್ಖಾನೆಯ ಹಳೆಯ ಕೆಲಸಗಾರನಿಗೆ ಹೊಸ ವಿದ್ಯೆ ಕಲಿಸುವ ಅನುದಾನವಾಗಿ ಬದಲಾದದ್ದು ಹೆಚ್ಚಾಗಿ 1980ರ ದಶಕದಿಂದೀಚೆಗೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಲು ಟೆಕ್ಸಾಸ್ ಒಳ್ಳೆಯ ಜಾಗ.

ಅಲ್ಲಿನ ಸ್ಯಾನ್ ಆಂಟೋನಿಯೊ ನಗರದಲ್ಲಿ 1990ರಲ್ಲಿ ಲೀವೈಸ್ ಜೀನ್ಸ್ ಕಂಪನಿ ತನ್ನ ಹೊಲಿಗೆ ಕಾರ್ಖಾನೆಯೊಂದನ್ನು ಮುಚ್ಚಿ ಕೆಲಸವನ್ನು ಕೋಸ್ಟರಿಕಕ್ಕೆ ಸಾಗಿಸಿತು. ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದ ಹೆಂಗಸರು. ವರ್ಷಗಟ್ಟಲೆ ಜೇಬು, ಜಿಪ್ಪು ಹೊಲಿದು ನುರಿತವರು, ಆದರೆ ಆ ಊರಿನ ಬೇರೆ ಯಾವ ಕೆಲಸಕ್ಕೂ ಆ ಪರಿಣತಿ ಬೇಕಿರಲಿಲ್ಲ. ಅದೇ ಊರಿನ ಆಸ್ಪತ್ರೆಗಳು ನರ್ಸ್‌ಗಳು ಸಿಗುತ್ತಿಲ್ಲ ಎಂದು ಗೋಳಾಡುತ್ತಿದ್ದವು. ಚರ್ಚುಗಳ ಸುತ್ತ ಸಂಘಟಿತವಾಗಿದ್ದ ಎರಡು ನಾಗರಿಕ ಸಂಘಟನೆಗಳು ಸೇರಿ ಪ್ರಾಜೆಕ್ಟ್ ಕ್ವೆಸ್ಟ್ ಎಂಬ ಯೋಜನೆ ಹುಟ್ಟುಹಾಕಿದವು. ಆಗ ಗವರ್ನರ್ ಆಗಿದ್ದ ಆ್ಯನ್ ರಿಚರ್ಡ್ಸ್ ರಾಜ್ಯದ ನೆರವು ಕೊಡಿಸಿದರು. ಆ ಸಂಘಟನೆಗಳು ಮಾಡಿದ ಜಾಣ ಕೆಲಸವೆಂದರೆ, ತರಬೇತಿ ಶುರು ಮಾಡುವ ಮೊದಲೇ ಉದ್ಯೋಗದಾತರ ಬಳಿ ಹೋಗಿ ನೂರಾರು ಕೆಲಸಗಳ ಭರವಸೆ ಬರೆಸಿಕೊಂಡದ್ದು. ಆಮೇಲೆ ಕಮ್ಯುನಿಟಿ ಕಾಲೇಜಿಗೆ ಹೋಗಿ, ಇಷ್ಟು ಕೆಲಸಕ್ಕೆ ಇಷ್ಟು ಜನರನ್ನು ಓದಿಸಿ ಎಂದರು. ಲಾಟರಿ ಎತ್ತಿ ಆಯ್ದವರನ್ನೂ ಆಯ್ಕೆಯಾಗದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು, ಆರನೆಯ ವರ್ಷದ ಹೊತ್ತಿಗೆ ಕ್ವೆಸ್ಟ್‌ನಲ್ಲಿ ಓದಿದವರು ಉಳಿದವರಿಗಿಂತ ವರ್ಷಕ್ಕೆ ಸುಮಾರು 5,000 ಡಾಲರ್ ಹೆಚ್ಚು ದುಡಿಯುತ್ತಿದ್ದುದನ್ನು ಕಂಡಿತು. ತರಬೇತಿ ಯೋಜನೆಗಳ ಲೋಕದಲ್ಲಿ ಇಷ್ಟು ಗಟ್ಟಿ ಫಲ ಅಪರೂಪ.

ಅದೇ ದಶಕದಲ್ಲಿ, 1995ರಲ್ಲಿ, ಟೆಕ್ಸಾಸ್ ಶಾಸನಸಭೆ ಸ್ಕಿಲ್ಸ್ ಡೆವಲಪ್‌ಮೆಂಟ್ ಫಂಡ್ ಎಂಬ ನಿಧಿಯನ್ನು ಸ್ಥಾಪಿಸಿತು. ಅದರ ಕ್ರಮ ಹೀಗಿದೆ. ಒಂದು ಪಂಪ್ ತಯಾರಿಸುವ ಕಾರ್ಖಾನೆ ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ನಿಯಂತ್ರಿತ ಹೊಸ ಯಂತ್ರಗಳು ಬಂದಿವೆ, ಹಳೆಯ ಲೇತ್ ಮೇಲೆ ಕೈ ಪಳಗಿದ ಅರವತ್ತು ಜನಕ್ಕೆ ಅವನ್ನು ಓಡಿಸಲು ಬರುವುದಿಲ್ಲ. ಮಾಲೀಕರು ಊರಿನ ಕಮ್ಯುನಿಟಿ ಕಾಲೇಜಿನ ಕದ ತಟ್ಟುತ್ತಾರೆ. ಕಾಲೇಜಿನವರು ಕಾರ್ಖಾನೆಗೆ ಬಂದು ನೋಡಿ, ಯಾರಿಗೆ ಏನು ಕಲಿಸಬೇಕು, ಎಷ್ಟು ಗಂಟೆ, ಯಾರು ಕಲಿಸುವವರು, ಕಲಿತ ಮೇಲೆ ಸಂಬಳ ಎಷ್ಟಾಗುತ್ತದೆ ಎಂದು ಬರೆದು ರಾಜ್ಯದ ವರ್ಕ್‌ಫೋರ್ಸ್ ಕಮಿಷನ್‌ಗೆ ಅರ್ಜಿ ಹಾಕುತ್ತಾರೆ. ಒಂದು ಕಂಪನಿಯ ಯೋಜನೆಗೆ 5 ಲಕ್ಷ ಡಾಲರ್‌ವರೆಗೂ ಮಂಜೂರಾಗಬಹುದು. ಆ ಹಣ ಜಮೆಯಾಗುವುದು ಕಾಲೇಜಿನ ಖಾತೆಗೆ. ಕಂಪನಿಯ ಕೈಗೆ ಒಂದು ಡಾಲರ್ ಕೂಡ ಹೋಗುವುದಿಲ್ಲ. ಕಲಿಯುವ ಹೊತ್ತಿನ ಸಂಬಳವನ್ನು ಕಂಪನಿಯೇ ಕೊಡಬೇಕು. ತರಬೇತಿ ಮುಗಿದಾಗ ಕೊಡುವ ಕೂಲಿ ಆ ಪ್ರದೇಶದಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ಕೂಲಿಗಿಂತ ಕಡಿಮೆ ಇರಕೂಡದು.

ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಯೋಜನೆಯೂ ಅದೇ ಟೆಕ್ಸಾಸ್‌ನಲ್ಲಿತ್ತು. 1993ರಲ್ಲಿ ಶುರುವಾದ ಸ್ಮಾರ್ಟ್ ಜಾಬ್ಸ್ ನಿಧಿ ತರಬೇತಿಯ ಹಣವನ್ನು ನೇರವಾಗಿ ಉದ್ಯೋಗದಾತರಿಗೇ ಕೊಡುತ್ತಿತ್ತು. ಉದ್ದೇಶ ಒಂದೇ, ಹಣ ಹೋಗುವ ದಾರಿ ಬೇರೆ. ಕೆಲವೇ ವರ್ಷಗಳಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ಅದರ ನಿರ್ವಹಣೆಯನ್ನು ಕಟುವಾಗಿ ಟೀಕಿಸಿದರು. ಶಾಸನಸಭೆ ಅದನ್ನು ಮುಂದುವರಿಸಲಿಲ್ಲ. ಕಾಲೇಜಿನ ಮೂಲಕ ಹೋಗುವ ನಿಧಿ ಮಾತ್ರ ಇವತ್ತಿಗೂ ಬದುಕಿದೆ. ಇಡೀ ವಿಷಯದ ತಿರುಳು ನನಗೆ ಕಾಣುವುದು ಇಲ್ಲಿಯೇ. ಎಷ್ಟು ಹಣ ಎನ್ನುವುದಕ್ಕಿಂತ ಯಾರ ಕೈಗೆ ಹಣ ಎಂಬುದು ಇಂಥ ಯೋಜನೆಗಳ ಹಣೆಬರಹ ಬರೆಯುತ್ತದೆ. ಮಧ್ಯದಲ್ಲಿ ಕಾಲೇಜೊಂದು ನಿಂತಾಗ ಹಾಜರಿ ಪುಸ್ತಕ ಇರುತ್ತದೆ, ಪಠ್ಯ ಇರುತ್ತದೆ, ಪಾಠ ಹೇಳಿದವರು ಯಾರೆಂದು ಗೊತ್ತಿರುತ್ತದೆ. ಕಂಪನಿಯೇ ಹಣ ಪಡೆದು, ಕಂಪನಿಯೇ ಕಲಿಸಿ, ಕಲಿಸಿದೆವೆಂದು ಕಂಪನಿಯೇ ಪ್ರಮಾಣಪತ್ರ ಬರೆದುಕೊಂಡರೆ ಅದನ್ನು ಪರೀಕ್ಷಿಸುವವರು ಯಾರು?

ಅದಿರಲಿ, ಮೂಲ ಪ್ರಶ್ನೆಗೇ ಬರೋಣ. ತನ್ನ ಕೆಲಸಗಾರನಿಗೆ ಕಲಿಸಿದರೆ ಲಾಭ ಕಂಪನಿಗೇ ಅಲ್ಲವೇ? ಖರ್ಚನ್ನೂ ಅದೇ ಮಾಡಲಿ, ಸರ್ಕಾರಕ್ಕೇನು ಉಸಾಬರಿ?

ಇದಕ್ಕೆ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಷ್ಟು ಹಿಂದೆಯೇ ತಮ್ಮ 'ಹ್ಯೂಮನ್ ಕ್ಯಾಪಿಟಲ್' ಪುಸ್ತಕದಲ್ಲಿ ಒಂದು ವಿವರಣೆ ಕೊಟ್ಟಿದ್ದರು. ವಿದ್ಯೆಯಲ್ಲಿ ಎರಡು ಬಗೆ. ಈ ಕಾರ್ಖಾನೆಯಲ್ಲಿ ಮಾತ್ರ ಉಪಯೋಗಕ್ಕೆ ಬರುವುದು ಒಂದು, ಎಲ್ಲಿ ಹೋದರೂ ಉಪಯೋಗಕ್ಕೆ ಬರುವುದು ಇನ್ನೊಂದು. ಮೊದಲನೆಯದನ್ನು ಮಾಲೀಕ ಸಂತೋಷದಿಂದ ಕಲಿಸುತ್ತಾನೆ. ಎರಡನೆಯದನ್ನು ಕಲಿಸಲು ಹಿಂದೆಗೆಯುತ್ತಾನೆ, ಯಾಕೆಂದರೆ ಕಲಿತವನು ನಾಳೆ ಎದುರು ಬೀದಿಯ ಕಾರ್ಖಾನೆಗೆ ಸ್ವಲ್ಪ ಹೆಚ್ಚು ಸಂಬಳಕ್ಕೆ ಹೊರಟುಹೋಗಬಹುದು. ಪೀಣ್ಯದ ಯಾವ ಸಣ್ಣ ವರ್ಕ್‌ಶಾಪಿನ ಮಾಲೀಕರನ್ನು ಕೇಳಿದರೂ ಬೆಕರ್ ಹೆಸರೆತ್ತದೆ ಇದೇ ಮಾತು ಹೇಳುತ್ತಾರೆ: ಹುಡುಗರನ್ನು ಸಿಎನ್‌ಸಿ ಮೇಲೆ ಕೂರಿಸಿ ಕಲಿಸೋದು ನಾವು, ಕರ್ಕೊಂಡ್ ಹೋಗೋದು ದೊಡ್ಡ ಕಂಪನಿಯವರು. ಪ್ರತಿಯೊಬ್ಬ ಮಾಲೀಕನೂ ಹೀಗೆ ಲೆಕ್ಕ ಹಾಕಿ ಕಲಿಸುವುದನ್ನು ಬಿಟ್ಟರೆ ಇಡೀ ಊರಿನಲ್ಲಿ ಕೆಲಸ ಬಲ್ಲವರೇ ಇಲ್ಲದಂತಾಗುತ್ತದೆ. ಹಾಗಾಗದಿರಲಿ ಎಂದೇ ರಾಜ್ಯ ತನ್ನ ಹಣ ಹಾಕುವುದು. ಕೆಲಸಗಾರ ಕಂಪನಿ ಬದಲಿಸಿದರೆ ಕಂಪನಿಗೆ ನಷ್ಟ, ರಾಜ್ಯಕ್ಕೆ ನಷ್ಟವಿಲ್ಲ. ಅವನು ಅದೇ ಊರಿನಲ್ಲಿ ದುಡಿದು ಅದೇ ಊರಿನಲ್ಲಿ ತೆರಿಗೆ ಕಟ್ಟುತ್ತಾನೆ.

ಈ ತರ್ಕವನ್ನು ಒಪ್ಪಿಕೊಂಡರೆ ಅದರ ಬೆನ್ನಿಗೇ ಒಂದು ಷರತ್ತೂ ಬರುತ್ತದೆ. ಸರ್ಕಾರದ ಹಣ ಹೋಗಬೇಕಾದದ್ದು ಎಲ್ಲೆಡೆ ಸಲ್ಲುವ ವಿದ್ಯೆಗೆ. ಒಂದೇ ಬ್ರ್ಯಾಂಡಿನ ಯಂತ್ರದ ಗುಂಡಿ ಒತ್ತುವುದನ್ನು ಕಲಿಸಲು ಅಲ್ಲ. ಕಂಪನಿಗಳು ಕೇಳುವುದೋ, ಹೆಚ್ಚಿನ ಸಲ, ಆ ಗುಂಡಿಯ ಪಾಠವನ್ನೇ. ಕಾಲೇಜಿನ ಮೇಷ್ಟ್ರು ಎಲೆಕ್ಟ್ರಿಕಲ್ ತತ್ವ, ಗಣಿತ, ನಕ್ಷೆ ಓದುವುದು ಇಲ್ಲಿಂದ ಶುರು ಮಾಡೋಣ ಎನ್ನುತ್ತಾರೆ. ಪ್ರೊಡಕ್ಷನ್ ಮ್ಯಾನೇಜರ್ ಅಷ್ಟೆಲ್ಲ ಯಾಕೆ, ಮುಂದಿನ ಸೋಮವಾರದೊಳಗೆ ಲೈನ್ ಓಡಬೇಕು ಎನ್ನುತ್ತಾರೆ. ಇಬ್ಬರ ನಡುವಿನ ಈ ಎಳೆದಾಟದಲ್ಲಿ ಕಾಲೇಜು ಸೋತುಹೋದರೆ ಕೆಲಸಗಾರನ ಕೈಗೆ ಉಳಿಯುವುದು ಬೇರೆಲ್ಲೂ ಯಾರೂ ಕೇಳದ ಒಂದು ಕಾಗದ. ಗೆದ್ದರೆ, ಅದೇ ಗಂಟೆಗಳು ಕಾಲೇಜಿನ ಕ್ರೆಡಿಟ್ ಆಗಿ ದಾಖಲಾಗಿ, ಮುಂದೊಂದು ದಿನ ಡಿಪ್ಲೊಮಾಕ್ಕೋ ಪದವಿಗೋ ಸೇರಿಕೊಳ್ಳುತ್ತವೆ.

ಹಣ ಎತ್ತುವ ಬಗೆಯಲ್ಲಿ ಅಯೋವಾ ರಾಜ್ಯದ್ದು ಎಲ್ಲರಿಗಿಂತ ವಿಚಿತ್ರ. ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆಯ ಈ ರಾಜ್ಯ 1980ರ ದಶಕದ ಆರಂಭದಲ್ಲಿ ಕೃಷಿ ಬಿಕ್ಕಟ್ಟಿಗೆ ಸಿಕ್ಕಿ ನರಳಿತು. ರೈತರ ಜಮೀನು ಹರಾಜಿಗೆ ಬಂತು, ಟ್ರ್ಯಾಕ್ಟರ್ ಕಾರ್ಖಾನೆಗಳು ಆಳುಗಳನ್ನು ಕಳಿಸಿದವು. ಬೊಕ್ಕಸದಲ್ಲಿ ಕಾಸಿಲ್ಲ, ಆದರೆ ಹೊಸ ಉದ್ಯೋಗ ಬೇಕು. 1983ರಲ್ಲಿ ಅವರು ಕಂಡುಕೊಂಡ ದಾರಿ ಇದು. ಹೊಸ ಉದ್ಯೋಗ ಸೃಷ್ಟಿಸುವ ಕಂಪನಿ ಊರಿನ ಕಮ್ಯುನಿಟಿ ಕಾಲೇಜಿನೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತದೆ. ಕಾಲೇಜು ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಸಾಲ ಎತ್ತುತ್ತದೆ. ಆ ದುಡ್ಡಿನಲ್ಲಿ ತರಬೇತಿ. ಸಾಲ ತೀರಿಸುವವರು ಯಾರು? ಹೊಸ ಕೆಲಸಗಾರರ ಸಂಬಳದಿಂದ ಕಂಪನಿ ಹಿಡಿದುಕೊಂಡು ರಾಜ್ಯಕ್ಕೆ ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ಒಂದು ಪಾಲು, ಸಾಮಾನ್ಯವಾಗಿ ಆ ಹೊಸ ಸಂಬಳದ ಶೇ 1.5ರಷ್ಟು, ಹತ್ತು ವರ್ಷದವರೆಗೆ ಬೊಕ್ಕಸದ ಬದಲು ಕಾಲೇಜಿಗೆ ಹೋಗುತ್ತದೆ. ಅಂದರೆ ಕೆಲಸ ಹುಟ್ಟಿದ್ದರಿಂದ ಹುಟ್ಟಿದ ತೆರಿಗೆಯೇ ಆ ಕೆಲಸಕ್ಕೆ ಮಾಡಿದ ತರಬೇತಿಯ ಸಾಲವನ್ನು ತೀರಿಸುತ್ತದೆ. ಕೇಳಲು ಚೆಂದ. ಮಿಸೌರಿ, ಕ್ಯಾನ್ಸಸ್, ಆಮೇಲೆ 2008ರಲ್ಲಿ ಮಿಷಿಗನ್ ಕೂಡ ಇದರ ಜಾಡು ಹಿಡಿದವು.

ಆದರೆ ಕಂಪನಿ ನಡುವೆ ಮುಳುಗಿದರೆ ಬಾಂಡ್ ಕೊಂಡವರಿಗೆ ಉತ್ತರ ಹೇಳಬೇಕಾದದ್ದು ಕಾಲೇಜು. ಅದಕ್ಕೆ ಬೆನ್ನಿಗಿರುವುದು ಸ್ಥಳೀಯ ಆಸ್ತಿ ತೆರಿಗೆ. ಇನ್ನೂ ಒಂದು ಮಾತಿದೆ. ತರಬೇತಿ ಎಂದರೆ ತರಗತಿಯೇ ಆಗಬೇಕಿಲ್ಲ, ಕೆಲಸ ಮಾಡುತ್ತಲೇ ಕಲಿಯುವ ಹೊಸಬರ ಸಂಬಳದ ಅರ್ಧದವರೆಗೂ ಈ ಹಣದಿಂದ ಮರುಪಾವತಿ ಪಡೆಯಲು ಅವಕಾಶವಿದೆ. ಇಲ್ಲಿಗೆ ಬಂದಾಗ ತರಬೇತಿ ಅನುದಾನಕ್ಕೂ ಸಂಬಳದ ಸಬ್ಸಿಡಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಸರ್ಕಾರ ಕೊಡದಿದ್ದರೂ ಕಂಪನಿ ಹೇಗೂ ಆ ಜನರನ್ನು ತೆಗೆದುಕೊಳ್ಳುತ್ತಿತ್ತು, ಹೇಗೂ ಕಲಿಸುತ್ತಿತ್ತು ಎಂದಾದರೆ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಈ ಗುಮಾನಿಯನ್ನು ಅಳೆದು ನೋಡಲು ಒಂದು ಒಳ್ಳೆಯ ಅವಕಾಶ ಸಿಕ್ಕಿದ್ದು 1980ರ ದಶಕದ ಕೊನೆಯ ಮಿಷಿಗನ್‌ನಲ್ಲಿ. ಅಲ್ಲಿ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ತರಬೇತಿಗಾಗಿ ಒಮ್ಮೆ ಮಾತ್ರ ಅನುದಾನ ಕೊಡುತ್ತಿದ್ದರು, ಮೊದಲು ಬಂದವರಿಗೆ ಮೊದಲು. ಹಣ ಮುಗಿದ ಮೇಲೆ ಅರ್ಜಿ ಹಾಕಿದವರಿಗೆ ಸಿಗಲಿಲ್ಲ. ಹ್ಯಾರಿ ಹೋಲ್ಜರ್ ಮತ್ತು ಸಂಗಡಿಗರು ಈ ಎರಡು ಗುಂಪುಗಳನ್ನು ಹೋಲಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನುದಾನ ಪಡೆದ ವರ್ಷ ತರಬೇತಿಯ ಗಂಟೆಗಳು ದುಪ್ಪಟ್ಟಿಗೂ ಮೀರಿದ್ದವು. ಕಾರ್ಖಾನೆಯಲ್ಲಿ ಕೆಟ್ಟು ಗುಜರಿಗೆ ಹೋಗುವ ಮಾಲಿನ ಪ್ರಮಾಣ ಸುಮಾರು ಶೇ 13ರಷ್ಟು ತಗ್ಗಿತ್ತು. ಹಣ ನಿಂತ ಮೇಲೆ ತರಬೇತಿಯೂ ಬಹುಪಾಲು ಹಳೆಯ ಮಟ್ಟಕ್ಕೆ ಇಳಿಯಿತು. ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ: ಹಣ ಪೂರ್ತಿ ಸೋರಿಹೋಗುವುದಿಲ್ಲ, ಹಾಗೆಯೇ ಒಮ್ಮೆ ಕೊಟ್ಟ ಮಾತ್ರಕ್ಕೆ ಕಂಪನಿಗಳಿಗೆ ಕಲಿಸುವ ಅಭ್ಯಾಸ ಅಂಟಿಕೊಳ್ಳುವುದೂ ಇಲ್ಲ.

ಕ್ಯಾಲಿಫೋರ್ನಿಯಾದವರು ಸೋರಿಕೆ ತಡೆಯಲು ಬೇರೆಯೇ ಉಪಾಯ ಮಾಡಿದ್ದಾರೆ. 1982ರಲ್ಲಿ ಶುರುವಾದ ಅವರ ಎಂಪ್ಲಾಯ್‌ಮೆಂಟ್ ಟ್ರೈನಿಂಗ್ ಪ್ಯಾನೆಲ್‌ಗೆ ಹಣ ಬರುವುದು ಉದ್ಯೋಗದಾತರ ಮೇಲಿನ ಒಂದು ಪುಟ್ಟ ತೆರಿಗೆಯಿಂದ. ಪ್ರತಿ ಕೆಲಸಗಾರನ ಮೊದಲ 7,000 ಡಾಲರ್ ಸಂಬಳದ ಮೇಲೆ ಶೇ 0.1, ಅಂದರೆ ತಲೆಗೆ ವರ್ಷಕ್ಕೆ ಹೆಚ್ಚೆಂದರೆ 7 ಡಾಲರ್. ಕಲಿತವನು ತರಬೇತಿ ಮುಗಿಸಿ, ನಿಗದಿಯಾದ ಕೂಲಿಗೆ 90 ದಿನ ಕೆಲಸದಲ್ಲಿ ಉಳಿದರೆ ಮಾತ್ರ ತರಬೇತಿಯ ಖರ್ಚು ಕೈಗೆ ಸಿಗುತ್ತದೆ. ನಡುವೆ ಬಿಟ್ಟುಹೋದವರಿಗೆ ಸರ್ಕಾರ ದುಡ್ಡು ಕೊಡುವುದಿಲ್ಲ. ನಮ್ಮ ಕೌಶಲ ಯೋಜನೆಗಳಲ್ಲಿ ಪ್ರಮಾಣಪತ್ರ ಹಂಚಿದ ಫೋಟೊ ತೋರಿಸಿದ್ದನ್ನೇ ಸಾಧನೆ ಎಂದು ಬಗೆಯುವವರು ಈ ಒಂದು ಷರತ್ತನ್ನು ಗಮನಿಸಬೇಕು.

ಕಂಪನಿಗಳನ್ನು ಸೆಳೆಯಲು ರಾಜ್ಯಗಳು ಒಂದರ ಮೇಲೊಂದು ಬಿದ್ದು ತೆರಿಗೆ ವಿನಾಯಿತಿ ಸುರಿಯುವುದು ಅಲ್ಲೂ ಇದೆ. ಕಲಮಜೂ ಊರಿನ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ ಈ ಬಗ್ಗೆ ದಶಕಗಳಿಂದ ಲೆಕ್ಕ ಹಾಕುತ್ತ ಬಂದಿದ್ದಾರೆ. ಅವರ ಅಂದಾಜಿನಂತೆ ಇಂಥ ಪ್ರೋತ್ಸಾಹಧನದಿಂದಲೇ ನಿರ್ಧಾರ ಬದಲಿಸುವ ಕಂಪನಿಗಳು ನೂರಕ್ಕೆ 2ರಿಂದ 25 ಮಾತ್ರ. ಉಳಿದವು ಹೇಗೂ ಬರುತ್ತಿದ್ದವು. ಅದೇ ಬಾರ್ಟಿಕ್, ಕಮ್ಯುನಿಟಿ ಕಾಲೇಜುಗಳ ಮೂಲಕ ಕೊಡುವ ತರಬೇತಿಯಂಥ ಸೇವೆಗಳು ನಗದು ವಿನಾಯಿತಿಗಿಂತ ಡಾಲರ್‌ಗೆ ಡಾಲರ್ ಎಷ್ಟೋ ಪಟ್ಟು ಹೆಚ್ಚು ಫಲ ಕೊಡುತ್ತವೆ ಎನ್ನುತ್ತಾರೆ. ಮುಖ್ಯವಾಗಿ ಸಣ್ಣ, ಮಧ್ಯಮ ಕಾರ್ಖಾನೆಗಳಿಗೆ. ಆದರೆ ಅನುದಾನದ ಅರ್ಜಿ ಬರೆಯಲು ಮಂದಿ ಇರುವುದು ದೊಡ್ಡ ಕಂಪನಿಗಳಲ್ಲಿ. ಹನ್ನೆರಡು ಜನರ ವರ್ಕ್‌ಶಾಪಿನಲ್ಲಿ ಮಾಲೀಕನೇ ಲೆಕ್ಕ ಬರೆಯುವವನು, ಅವನೇ ಲೋಡ್ ಇಳಿಸುವವನು. ನೂರಕ್ಕಿಂತ ಕಡಿಮೆ ಜನರಿರುವ ಉದ್ದಿಮೆಗಳಿಗೆ ಟೆಕ್ಸಾಸ್ ಬೇರೆ ಬಾಗಿಲು ತೆರೆದಿಟ್ಟದ್ದು ಇದೇ ಕಾರಣಕ್ಕೆ. ಅಲ್ಲಿ ಹೊಸ ಪಠ್ಯ ಬರೆಯುವ ಗೋಜಿಲ್ಲ, ಕಾಲೇಜಿನಲ್ಲಿ ಈಗಾಗಲೇ ನಡೆಯುತ್ತಿರುವ ತರಗತಿಗೆ ಕೆಲಸಗಾರನನ್ನು ಕಳಿಸಿದರಾಯಿತು, ಶುಲ್ಕ ರಾಜ್ಯ ಕಟ್ಟುತ್ತದೆ.

ಕಂಪನಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ನಾರ್ತ್ ಕೆರೊಲಿನಾಕ್ಕೇ ಹೋಗಬೇಕು. ಹೊಗೆಸೊಪ್ಪಿನ ಊರು ವಿನ್‌ಸ್ಟನ್-ಸೇಲಂಗೆ ಡೆಲ್ ಕಂಪ್ಯೂಟರ್ ಕಂಪನಿಯನ್ನು ಕರೆತರಲು ರಾಜ್ಯ 20 ಕೋಟಿ ಡಾಲರ್‌ಗೂ ಮಿಗಿಲಾದ ರಿಯಾಯಿತಿಗಳ ಕಟ್ಟು ಮುಂದಿಟ್ಟಿತು. 2005ರ ಅಕ್ಟೋಬರ್‌ನಲ್ಲಿ ಕಾರ್ಖಾನೆ ತೆರೆಯಿತು. ಜನ ಮೇಜಿನ ಮೇಲಿಡುವ ಕಂಪ್ಯೂಟರ್ ಬಿಟ್ಟು ಲ್ಯಾಪ್‌ಟಾಪ್ ಕೊಳ್ಳತೊಡಗಿದರು. ಸರಿಯಾಗಿ ನಾಲ್ಕು ವರ್ಷಕ್ಕೆ, 2009ರ ಅಕ್ಟೋಬರ್‌ನಲ್ಲಿ, 905 ಜನರನ್ನು ಮನೆಗೆ ಕಳಿಸಿ ಕಾರ್ಖಾನೆ ಮುಚ್ಚುವುದಾಗಿ ಡೆಲ್ ಹೇಳಿತು. ಊರಿಗೆ ಅದು ದೊಡ್ಡ ಅವಮಾನ. ಆದರೆ ಅಲ್ಲಿನ ಫೋರ್ಸೈತ್ ಟೆಕ್ ಎಂಬ ಕಮ್ಯುನಿಟಿ ಕಾಲೇಜು ಮುಚ್ಚಲಿಲ್ಲ. ಅದರ ಮೇಷ್ಟ್ರುಗಳು, ಲ್ಯಾಬು, ಕಂಪನಿಗೆ ಬೇಕಾದಂತೆ ಪಾಠ ಕಟ್ಟುವ ಅನುಭವ ಎಲ್ಲ ಅಲ್ಲೇ ಇತ್ತು. ಮರುವರ್ಷವೇ ಕ್ಯಾಟರ್‌ಪಿಲ್ಲರ್ ಕಂಪನಿ ಗಣಿ ಟ್ರಕ್‌ಗಳ ಆ್ಯಕ್ಸಲ್ ತಯಾರಿಸಲು ಅದೇ ಊರನ್ನು ಆರಿಸಿಕೊಂಡಿತು. ತರಬೇತಿಗೆ ಅದೇ ಕಾಲೇಜು ಸಿದ್ಧವಿತ್ತು. 2010ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮಾ ಆ ಕಾಲೇಜಿಗೆ ಹೋಗಿ, ಇದು ನಮ್ಮ ಪೀಳಿಗೆಯ ಸ್ಪುಟ್ನಿಕ್ ಗಳಿಗೆ, ಅಂದರೆ ಎಚ್ಚೆತ್ತುಕೊಳ್ಳಬೇಕಾದ ಹೊತ್ತು, ಎಂಬರ್ಥದ ಭಾಷಣ ಮಾಡಿಬಂದರು. ಡೆಲ್‌ಗೆ ತೆರಿಗೆ ವಿನಾಯಿತಿಯ ರೂಪದಲ್ಲಿ ಕೊಟ್ಟದ್ದು ಡೆಲ್ ಜೊತೆ ಹೋಯಿತು, ಕಾಲೇಜಿಗೆ ಕೊಟ್ಟದ್ದು ಊರಿನಲ್ಲಿ ಉಳಿಯಿತು.

ಹಾಗೆಂದು ಕಾಲೇಜಿಗೆ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್ ಊರಿನಲ್ಲಿ 2008ರ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ಜನರಲ್ ಮೋಟರ್ಸ್ ಕಾರ್ಖಾನೆ ಬಾಗಿಲು ಹಾಕಿತು. ನೂರಾರು ಜನ ಊರಿನ ಬ್ಲ್ಯಾಕ್‌ಹಾಕ್ ಟೆಕ್ನಿಕಲ್ ಕಾಲೇಜಿಗೆ ಸೇರಿದರು. ನಲವತ್ತು ಐವತ್ತು ವಯಸ್ಸಿನವರು, ಕಂಪ್ಯೂಟರ್ ಆನ್ ಮಾಡಲು ಬಾರದವರೂ ಇದ್ದರು. ಪತ್ರಕರ್ತೆ ಏಮಿ ಗೋಲ್ಡ್‌ಸ್ಟೀನ್ ಆ ಊರಿನ ಬಗ್ಗೆ 2017ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಂಕಿಅಂಶ ಜೋಡಿಸಿ ನೋಡಿದಾಗ ಕಂಡದ್ದು ಬೆಚ್ಚಿಬೀಳಿಸುವಂಥದ್ದು. ಮರುತರಬೇತಿ ಪಡೆದವರಿಗಿಂತ ಪಡೆಯದವರೇ ಸರಾಸರಿಯಲ್ಲಿ ಹೆಚ್ಚು ದುಡಿಯುತ್ತಿದ್ದರು. ಕಾಲೇಜು ಚೆನ್ನಾಗಿಯೇ ಕಲಿಸಿತ್ತು, ಆದರೆ ಕಲಿತವರನ್ನು ಕರೆಯುವ ಕಂಪನಿ ಆ ಊರಿನಲ್ಲಿ ಇರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಸ್ಯಾನ್ ಆಂಟೋನಿಯೊದವರು ಮೊದಲು ಕೆಲಸದ ಭರವಸೆ ಬರೆಸಿಕೊಂಡು ಆಮೇಲೆ ಕಾಲೇಜಿಗೆ ಹೋದದ್ದರ ಬೆಲೆ ಜೇನ್ಸ್‌ವಿಲ್ ನೋಡಿದಾಗ ತಿಳಿಯುತ್ತದೆ. ಉದ್ಯೋಗದಾತನನ್ನು ಮೇಜಿನ ಒಂದು ಬದಿಗೆ ಕೂರಿಸಲೇಬೇಕು. ಆದರೆ ಚೆಕ್ಕನ್ನು ಅವನ ಕೈಗೆ ಕೊಡಕೂಡದು.

ನಮ್ಮಲ್ಲಿ ಸರ್ಕಾರ, ಕಾಲೇಜು, ಕಂಪನಿ ಈ ಮೂವರು ಒಂದೇ ಮೇಜಿಗೆ ಬರುವುದು ಕಡಿಮೆ. 1961ರ ಅಪ್ರೆಂಟಿಸ್ ಕಾಯ್ದೆ ಕಂಪನಿಯನ್ನು ನೋಡುತ್ತದೆ. ಅದಕ್ಕೆ ನೆರವಾಗಿ 2016ರಲ್ಲಿ ಬಂದ ಕೇಂದ್ರದ ಯೋಜನೆ ಅಪ್ರೆಂಟಿಸ್‌ನ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಭರಿಸುತ್ತದೆ. ಕಾಲೇಜು ಆ ಲೆಕ್ಕದಲ್ಲಿ ಇಲ್ಲ. 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಹಣ ಹೋದದ್ದು ಬಹುಪಾಲು ಖಾಸಗಿ ತರಬೇತಿ ಕೇಂದ್ರಗಳಿಗೆ. ಅಲ್ಲಿ ಕಾರ್ಖಾನೆ ಲೆಕ್ಕದಲ್ಲಿ ಇಲ್ಲ. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಹಳ್ಳಿಯ ಮಕ್ಕಳಿಗೆ ಬಹಳ ಚೆನ್ನಾಗಿ ಕಲಿಸುತ್ತದೆ, ಆದರೆ ಅದು ಒಂದು ಕಂಪನಿಯ ಔದಾರ್ಯ. ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದ್ದು ದೊಡ್ಡ ಹೆಜ್ಜೆಯೇ. ಯಂತ್ರ ಬಂತು, ಇನ್ನು ಊರಿನ ಕಾರ್ಖಾನೆಯ ಕೆಲಸಗಾರ ಸಂಜೆ ಆರಕ್ಕೆ ಬಂದು ಆ ಯಂತ್ರದ ಮುಂದೆ ನಿಲ್ಲುವಂತಾಗಬೇಕು. ಐಟಿಐ ಎಂದರೆ ಹತ್ತನೇ ತರಗತಿ ಮುಗಿಸಿದ ಹುಡುಗರಿಗೆ ಮಾತ್ರ ಎಂಬ ಎಣಿಕೆ ನಮ್ಮ ಇಲಾಖೆಗಳಲ್ಲಿ ಇನ್ನೂ ಗಟ್ಟಿಯಾಗಿದೆ.

ದೂರದ ಮಾದರಿ ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎನ್ನುವುದು, ಕಾರ್ಖಾನೆಗಳಿಗೆ ಅಚ್ಚು, ಡೈ ಮಾಡಿಕೊಡುತ್ತಲೇ ಮಕ್ಕಳಿಗೆ ಕಲಿಸುತ್ತದೆ. ಡಿಪ್ಲೊಮಾದ ಕೊನೆಯ ವರ್ಷವನ್ನು ವಿದ್ಯಾರ್ಥಿಗಳು ಕಾರ್ಖಾನೆಯಲ್ಲೇ ಕಳೆಯುತ್ತಾರೆ. ಅಲ್ಲಿಂದ ಹೊರಬಂದವರಿಗೆ ಕೆಲಸ ಹುಡುಕುವ ಕಷ್ಟ ಅಷ್ಟಾಗಿ ಇರುವುದಿಲ್ಲ. ಈ ಕೇಂದ್ರಗಳು ಈಗ ಹಲವು ಜಿಲ್ಲೆಗಳಲ್ಲಿವೆ. ಬೆಳಗಾವಿಯ ಫೌಂಡ್ರಿಗಳು, ಹುಬ್ಬಳ್ಳಿಯ ಕವಾಟ ತಯಾರಕರು, ಪೀಣ್ಯದ ಸಾವಿರಾರು ಶೆಡ್‌ಗಳು ಸೇರಿ ಅರ್ಜಿ ಹಾಕಿದರೆ, ಅವರ ಈಗಿನ ಕೆಲಸಗಾರರಿಗೆ ಹೊಸ ವಿದ್ಯೆ ಕಲಿಸುವ ಖರ್ಚನ್ನು ಈ ಕೇಂದ್ರಗಳಿಗೋ ಹತ್ತಿರದ ಪಾಲಿಟೆಕ್ನಿಕ್‌ಗೋ ರಾಜ್ಯ ಕೊಡುವ ಒಂದು ನಿಧಿ ಏರ್ಪಡಿಸುವುದು ಕಷ್ಟದ ಮಾತಲ್ಲ. ದೊಡ್ಡ ಕಂಪನಿಗೆ ಎಕರೆಗಟ್ಟಲೆ ಜಮೀನು, ವಿದ್ಯುತ್ ರಿಯಾಯಿತಿ, ಮುದ್ರಾಂಕ ಶುಲ್ಕ ವಿನಾಯಿತಿ ಕೊಡುವ ಕೈಗಾರಿಕಾ ನೀತಿಯಲ್ಲಿ ಅದಕ್ಕೊಂದು ಪುಟ ಸಿಗಲಾರದೇ?

ಮುಂದಿನ ಸಲ ನಿಮ್ಮ ಜಿಲ್ಲೆಗೆ ದೊಡ್ಡ ಕಾರ್ಖಾನೆ ಬರುತ್ತದೆಂದು ಒಡಂಬಡಿಕೆಗೆ ಸಹಿ ಬಿದ್ದಾಗ, ಎಷ್ಟು ಸಾವಿರ ಉದ್ಯೋಗ ಎಂಬ ಸಂಖ್ಯೆಯನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುತ್ತವೆ. ನೀವು ನಿಮ್ಮ ಶಾಸಕರನ್ನು ಬೇರೊಂದು ಪ್ರಶ್ನೆ ಕೇಳಿ: ತರಬೇತಿಗೆಂದು ಇಟ್ಟ ಹಣ ನಮ್ಮ ತಾಲ್ಲೂಕಿನ ಯಾವ ಐಟಿಐಗೆ, ಯಾವ ಪಾಲಿಟೆಕ್ನಿಕ್‌ಗೆ ಬರುತ್ತದೆ?